ಅಂಗಡಿ ಮುಚ್ಚುವ ಮುನ್ನಿನ ಒಂಬತ್ತು ಹಾಡುಗಳು

ಹೋದ ಸಂಚಿಕೆಯ ಒಂದು ಉತ್ತರದಲ್ಲಿ ಅಮೆರಿಕದ ಜಾಝ್-ರಾಕ್ ತಂಡ ಸ್ಟೀಲಿ ಡ್ಯಾನ್ ಹೆಸರು ಹಾಗೇ ಹಾದುಹೋಗಿತ್ತು. ಅಷ್ಟಕ್ಕೇ ಈ ತಂಡದ ಬಗ್ಗೆ, ಅದರಲ್ಲೂ 2003ರಲ್ಲಿ ಬಂದ ‘ಎವ್ರಿಥಿಂಗ್ ಮಸ್ಟ್ ಗೋ’ ಆಲ್ಬಮ್ ಬಗ್ಗೆ, ಪತ್ರಗಳು ಬಂದಿವೆ. ಒಂದೇ ವಿಷಯವನ್ನು ಬೇರೆಬೇರೆ ಕಡೆಯಿಂದ ಕೇಳಿರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಸ್ಟೀಲಿ ಡ್ಯಾನ್ ತಂಡದ ‘ಏಜಾ’ ಆಲ್ಬಮನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅದೇ ನಿರೀಕ್ಷೆ ಇಟ್ಟುಕೊಂಡು ‘ಎವ್ರಿಥಿಂಗ್ ಮಸ್ಟ್ ಗೋ’ ಕೇಳಿದಾಗ ಒಂಬತ್ತು ಹಾಡುಗಳೂ ಒಂದೇ ನಡೆಯಲ್ಲಿ ಸಾಗಿದಂತೆ ಅನಿಸಿ ನಿರಾಶೆಯಾಯಿತು. ಆದರೆ ಹಳೆಯ ಅಭಿಮಾನಿಗಳಲ್ಲಿ ಕೆಲವರು ಇದನ್ನೇ ಬಹಳ ಪ್ರೀತಿಯಿಂದ ನೆನೆಯುತ್ತಾರೆ. ಇದು ಬತ್ತಿದ ಪ್ರತಿಭೆಯ ಕೆಲಸವೋ, ನಾನೇ ಸರಿಯಾಗಿ ಕೇಳಲಿಲ್ಲವೋ?

ಉತ್ತರ: ನೀವು ಸರಿಯಾಗಿಯೇ ಕೇಳಿದ್ದೀರಿ, ಆದರೆ ‘ಏಜಾ’ದ ಅಳತೆಗೋಲನ್ನು ಕೈಯಲ್ಲಿ ಹಿಡಿದುಕೊಂಡು ಕೇಳಿದ್ದೀರಿ ಎಂಬುದು ನನ್ನ ಅನಿಸಿಕೆ. ಇದು ನಿಮ್ಮೊಬ್ಬರ ಅನುಭವವೂ ಅಲ್ಲ. 2003ರ ಜೂನ್‌ನಲ್ಲಿ ಆಲ್ಬಮ್ ಬಿಡುಗಡೆಯಾದಾಗ ಅಭಿಮಾನಿಗಳ ಒಂದು ದೊಡ್ಡ ಪಾಲು ಇದೇ ಮಾತನ್ನು ಆಡಿತ್ತು: ಹಾಡುಗಳ ಧಾಟಿ ಬೇಗ ನೆನಪಿನಲ್ಲಿ ಕೂರುವುದಿಲ್ಲ, ವೇಗದಲ್ಲಿ ಏರಿಳಿತವಿಲ್ಲ, ಹಿಂದಿನ ಆಲ್ಬಮ್‌ಗಳಲ್ಲಿ ಮೈ ಜುಮ್ಮೆನ್ನಿಸುತ್ತಿದ್ದ ಆ ಒಂದು ಕ್ಷಣ ಇಲ್ಲಿ ಬರುವುದೇ ಇಲ್ಲ. ನಾನೂ ಆಗ ಹಾಗೆಯೇ ಅಂದುಕೊಂಡೆ. ನಾಲ್ಕೈದು ಸಲ ಕೇಳಿ ಸಿಡಿಯನ್ನು ಕಪಾಟಿನಲ್ಲಿಟ್ಟವನು ವರ್ಷಗಟ್ಟಲೆ ಅದನ್ನು ಹೊರತೆಗೆಯಲೇ ಇಲ್ಲ.

ಈಗ ನನ್ನ ಅಭಿಪ್ರಾಯ ಬದಲಾಗಿದೆ. ಅದಕ್ಕೆ ಕಾರಣ ಹೇಳಬೇಕಾದರೆ ಈ ಎರಡು ಆಲ್ಬಮ್‌ಗಳು ಹೇಗೆ ತಯಾರಾದವು ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಸ್ಟೀಲಿ ಡ್ಯಾನ್ ಎಂದರೆ ಮೂಲತಃ ಇಬ್ಬರು: ಹಾಡುವ ಮತ್ತು ಕೀಬೋರ್ಡ್ ನುಡಿಸುವ ಡೊನಾಲ್ಡ್ ಫೇಗನ್, ಗಿಟಾರ್ ಮತ್ತು ಮಂದ್ರ ದನಿಯ ಬೇಸ್ ಗಿಟಾರ್ ನುಡಿಸುವ ವಾಲ್ಟರ್ ಬೆಕರ್. ನ್ಯೂಯಾರ್ಕ್ ರಾಜ್ಯದ ಬಾರ್ಡ್ ಕಾಲೇಜಿನಲ್ಲಿ 1967ರಲ್ಲಿ ಪರಿಚಯವಾದ ಇವರು 1972ರಲ್ಲಿ ಮೊದಲ ಆಲ್ಬಮ್ ತಂದರು. 1974ರಲ್ಲಿ ಕಛೇರಿ ಪ್ರವಾಸಗಳನ್ನೇ ಕೈಬಿಟ್ಟರು. ಆಮೇಲೆ ಅವರಿಗೆ ಖಾಯಂ ತಂಡ ಎಂಬುದು ಇರಲಿಲ್ಲ, ಸ್ಟುಡಿಯೋ ಇತ್ತು. ಹಾಡಿಗೆ ತಕ್ಕ ವಾದಕರನ್ನು ಕರೆಸುವುದು, ನುಡಿಸಿದ್ದು ಒಗ್ಗದಿದ್ದರೆ ಬೇರೊಬ್ಬರನ್ನು ಕರೆಸುವುದು, ಹೀಗೆ ಅವರ ಕೆಲಸ ಸಾಗುತ್ತಿತ್ತು. 1977ರ ‘ಏಜಾ’ದಲ್ಲಿರುವ ‘ಪೆಗ್’ ಹಾಡಿನ ಗಿಟಾರ್ ಸೋಲೋಗಾಗಿ, ಎಂದರೆ ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಭಾಗಕ್ಕಾಗಿ, ಹೆಸರಾಂತ ಗಿಟಾರ್ ವಾದಕರು ಒಬ್ಬರಾದ ಮೇಲೊಬ್ಬರು ಬಂದು ನುಡಿಸಿ ಹೋದರು. ಕೊನೆಗೆ ಉಳಿದದ್ದು ಜೇ ಗ್ರೇಡನ್ ನುಡಿಸಿದ್ದು. ಶೀರ್ಷಿಕೆ ಹಾಡಿನಲ್ಲಿ ವೇಯ್ನ್ ಶಾರ್ಟರ್ ಅವರ ಸ್ಯಾಕ್ಸೊಫೋನ್ ಮತ್ತು ಸ್ಟೀವ್ ಗ್ಯಾಡ್ ಅವರ ಡ್ರಮ್ಸ್ ಒಂದನ್ನೊಂದು ಎತ್ತಿ ನಿಲ್ಲಿಸುವ ಭಾಗ ನಿಮಗೆ ಬಾಯಿಪಾಠವೇ ಆಗಿರುತ್ತದೆ. 1980ರ ‘ಗೌಚೊ’ ಹೊತ್ತಿಗೆ ಈ ಹಟ ಇನ್ನೂ ಬಿಗಿಯಾಯಿತು. ಡ್ರಮ್‌ನ ಪೆಟ್ಟು ಕೂದಲೆಳೆಯಷ್ಟೂ ಆಚೀಚೆ ಆಗಬಾರದೆಂದು ಅವರ ಎಂಜಿನಿಯರ್ ರಾಜರ್ ನಿಕೋಲ್ಸ್ ‘ವೆಂಡೆಲ್’ ಎಂಬ ಯಂತ್ರವನ್ನೇ ಕಟ್ಟಿದರು.

‘ಎವ್ರಿಥಿಂಗ್ ಮಸ್ಟ್ ಗೋ’ ಇದಕ್ಕೆ ತದ್ವಿರುದ್ಧ ದಾರಿಯಲ್ಲಿ ಹುಟ್ಟಿದ ಆಲ್ಬಮ್. ಇಲ್ಲಿ ಒಂಬತ್ತು ಹಾಡಿಗೂ ಡ್ರಮ್ಸ್ ನುಡಿಸಿದವರು ಕೀತ್ ಕಾರ್ಲಾಕ್ ಒಬ್ಬರೇ. ಬೇಸ್ ಬೆಕರ್ ಅವರದೇ. ಜಾನ್ ಹೆರಿಂಗ್ಟನ್ ಮತ್ತು ಹ್ಯೂ ಮೆಕ್ರಾಕನ್ ಗಿಟಾರ್‌ಗಳಲ್ಲಿ, ಟೆಡ್ ಬೇಕರ್ ಕೀಬೋರ್ಡ್‌ನಲ್ಲಿ. ಒಂದೇ ಗುಂಪು ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸಿತು, ಅದನ್ನು ಹಳೆಯ ಪದ್ಧತಿಯಂತೆ ಅನಲಾಗ್ ಟೇಪಿನಲ್ಲಿ ಹಿಡಿದರು. ಕ್ರಮವನ್ನು ಗಮನಿಸಿ. ಇಪ್ಪತ್ತೇಳು ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದೊಂದು ಸ್ವರವನ್ನೂ ತೂಗಿ ನೋಡುತ್ತಿದ್ದವರು ಐವತ್ತು ದಾಟಿದ ಮೇಲೆ ಜೊತೆಯವರನ್ನು ನಂಬಿ ನುಡಿಸಲು ಕೂತಿದ್ದಾರೆ. ನಿಮಗೆ ‘ಒಂದೇ ನಡೆ’ ಎಂದು ಕೇಳಿಸಿದ್ದು ಬಹುಮಟ್ಟಿಗೆ ಇದೇ, ಒಂದು ತಂಡಕ್ಕೆ ಒಂದು ಮೈಕಟ್ಟು ಇರುವುದರ ಸದ್ದು. ಮೊದಲ ಹಾಡು ‘ದ ಲಾಸ್ಟ್ ಮಾಲ್’ ಶುರುವಾಗುವಾಗ ಕಾರ್ಲಾಕ್ ತಾಳವನ್ನು ತುಸು ಹಿಂದಕ್ಕೆ ಒರಗಿಸಿ ಹಿಡಿಯುವುದನ್ನೂ, ಬೆಕರ್ ಅವರ ಬೇಸ್ ಆ ಒರಗಿಗೆ ಹೆಗಲು ಕೊಡುವುದನ್ನೂ ಗಮನವಿಟ್ಟು ಕೇಳಿ. ‘ಗೌಚೊ’ದ ಯಂತ್ರದಿಂದ ಅದು ಬರುವಂಥದ್ದಲ್ಲ.

ಹಾಗೆಂದು ಆಲ್ಬಮಿನ ಎಲ್ಲವನ್ನೂ ನಾನು ಸಮರ್ಥಿಸುವುದಿಲ್ಲ. ‘ಬ್ಲೂಸ್ ಬೀಚ್’ ಹಗುರವಾದ ಹಾಡು, ‘ಲಂಚ್ ವಿತ್ ಜೀನಾ’ದಲ್ಲಿ ನುಡಿಸಾಣಿಕೆ ಚುರುಕಾಗಿದ್ದರೂ ಧಾಟಿ ತೆಳು. ‘ಏಜಾ’ದಲ್ಲಿ ಇಂಥ ಜಾಗ ಒಂದೂ ಇಲ್ಲ ಎಂಬ ನಿಮ್ಮ ಪಕ್ಷವನ್ನು ನಾನು ಒಪ್ಪುತ್ತೇನೆ.

ಪ್ರಶ್ನೆ: 2000ದಲ್ಲಿ ಬಂದ ‘ಟೂ ಅಗೇನ್ಸ್ಟ್ ನೇಚರ್’ ಆಲ್ಬಮಿಗೆ ವರ್ಷದ ಶ್ರೇಷ್ಠ ಆಲ್ಬಮ್ ಎಂಬ ಗ್ರ್ಯಾಮಿ ಸಿಕ್ಕಿತು. ಅಷ್ಟಾಗಿ ಕೂಡ ಎಷ್ಟೋ ಅಭಿಮಾನಿಗಳು ಅದನ್ನು ಬಿಟ್ಟು ಪ್ರಶಸ್ತಿ ಬಾರದ ಮುಂದಿನ ಆಲ್ಬಮನ್ನೇ ಮೇಲು ಎನ್ನುತ್ತಾರಲ್ಲ, ಏಕೆ?

ಉತ್ತರ: ‘ಗೌಚೊ’ ಆದ ಮೇಲೆ 1981ರಲ್ಲಿ ಇಬ್ಬರೂ ಬೇರೆಯಾದರು. ಮತ್ತೆ ಸ್ಟೀಲಿ ಡ್ಯಾನ್ ಹೆಸರಿನಲ್ಲಿ ಹೊಸ ಹಾಡುಗಳ ಆಲ್ಬಮ್ ಬರಲು ಸುಮಾರು ಇಪ್ಪತ್ತು ವರ್ಷ ಬೇಕಾಯಿತು. ಅಷ್ಟು ಕಾಲ ಕಾದವರಿಗೆ ‘ಟೂ ಅಗೇನ್ಸ್ಟ್ ನೇಚರ್’ ಬಂದದ್ದೇ ದೊಡ್ಡ ಸುದ್ದಿ. 2001ರ ಫೆಬ್ರವರಿಯಲ್ಲಿ ನಡೆದ ಸಮಾರಂಭದಲ್ಲಿ ಅದು ನಾಲ್ಕು ಗ್ರ್ಯಾಮಿಗಳನ್ನು ಗೆದ್ದಿತು. ವರ್ಷದ ಆಲ್ಬಮ್ ಸ್ಪರ್ಧೆಯಲ್ಲಿ ಎದುರಿಗಿದ್ದವರು ಎಮಿನೆಮ್, ರೇಡಿಯೋಹೆಡ್, ಬೆಕ್ ಮತ್ತು ಪಾಲ್ ಸೈಮನ್. ಆ ವರ್ಷ ಎಲ್ಲರ ಬಾಯಲ್ಲಿದ್ದ ಹೆಸರು ಎಮಿನೆಮ್. ಹಾಗಾಗಿ ಐವತ್ತು ದಾಟಿದ ಇಬ್ಬರು ವೇದಿಕೆಗೆ ನಡೆದು ಬಂದಾಗ ಹೊಸ ತಲೆಮಾರಿನ ಕೇಳುಗರು ಇವರು ಯಾರೆಂದು ಕೇಳಿದರು. ಇದು ಹಳೆಯ ಸಾಧನೆಗೆ ತಡವಾಗಿ ಸಂದ ಗೌರವ, ಈ ಆಲ್ಬಮಿಗಲ್ಲ ಎಂದು ಬರೆದವರೂ ಹಲವರು.

ಆ ಮಾತು ಆಲ್ಬಮಿಗೆ ಮಾಡಿದ ಅನ್ಯಾಯ ಎಂದೇ ನನ್ನ ನಿಲುವು. ಅದರ ಹಾಡುಗಳ ರಚನೆ ಬಹಳ ಗಟ್ಟಿಯಾಗಿದೆ, ‘ಎವ್ರಿಥಿಂಗ್ ಮಸ್ಟ್ ಗೋ’ದ ರಚನೆಗಿಂತಲೂ ಗಟ್ಟಿ ಎಂದರೆ ತಪ್ಪಾಗದು. ಆದರೆ ಅದನ್ನು ಹಳೆಯ ಕ್ರಮದಲ್ಲೇ, ಬೇರೆಬೇರೆ ಹಾಡಿಗೆ ಬೇರೆಬೇರೆ ಡ್ರಮ್ ವಾದಕರನ್ನು ಕೂರಿಸಿ, ವರ್ಷಗಟ್ಟಲೆ ತಿದ್ದಿ ತೀಡಿ ಮುಗಿಸಿದರು. ಆ ನಯ ಕೆಲವರ ಕಿವಿಗೆ ತಣ್ಣಗೆ ಕೇಳಿಸುತ್ತದೆ. ಅವರಿಗೆ ಮುಂದಿನ ಆಲ್ಬಮಿನ ಬಿಸುಪು ಹಿಡಿಸಿತು. ಮಾರಾಟದ ಪಟ್ಟಿಯ ಲೆಕ್ಕದಲ್ಲಿ ಎರಡರ ನಡುವೆ ದೊಡ್ಡ ಅಂತರವೇನೂ ಇಲ್ಲ: ಅಮೆರಿಕದ ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಯಲ್ಲಿ ಮೊದಲನೆಯದು 6ನೆಯ ಸ್ಥಾನಕ್ಕೆ ಏರಿತು, ಎರಡನೆಯದು 9ಕ್ಕೆ. ವ್ಯತ್ಯಾಸ ಇದ್ದದ್ದು ಕೇಳುಗರ ಹಸಿವಿನಲ್ಲಿ. ಇಪ್ಪತ್ತು ವರ್ಷ ಕಾದು ಪಡೆದದ್ದಕ್ಕೂ ಮೂರೇ ವರ್ಷದಲ್ಲಿ ಕೈಗೆ ಬಂದದ್ದಕ್ಕೂ ಸಿಗುವ ಸ್ವಾಗತ ಒಂದೇ ಆಗಿರುವುದಿಲ್ಲ.

ಪ್ರಶ್ನೆ: ‘ಸ್ಲ್ಯಾಂಗ್ ಆಫ್ ಏಜಸ್’ ಹಾಡನ್ನು ಫೇಗನ್ ಬದಲು ಬೆಕರ್ ಹಾಡಿದ್ದಾರೆ. ಅವರದು ಹಾಡುಗಾರನ ಕಂಠ ಅಲ್ಲವೇ ಅಲ್ಲ. ಆಲ್ಬಮಿನ ನಡುವೆ ಇದು ಕಲ್ಲು ಸಿಕ್ಕಿದಂತಾಗುತ್ತದೆ. ಈ ಹಾಡು ಬೇಕಿತ್ತೇ?

ಉತ್ತರ: ಬೇಕಿತ್ತು. ಸ್ಟೀಲಿ ಡ್ಯಾನ್ ಸ್ಟುಡಿಯೋ ಆಲ್ಬಮ್‌ಗಳಲ್ಲಿ ಬೆಕರ್ ಮುಖ್ಯ ಗಾಯಕರಾಗಿ ಹಾಡಿದ್ದು ಇದೊಂದೇ ಹಾಡು. ಆಗ ಅವರ ಕಂಠವನ್ನು ಆಕ್ಷೇಪಿಸಿದವರು ಅಭಿಮಾನಿಗಳಲ್ಲೇ ಬಹಳ ಮಂದಿ ಇದ್ದರು. ನಿಮ್ಮಂತೆಯೇ ಅವರಿಗೂ ಅದು ಮಾತಿಗೂ ಹಾಡಿಗೂ ನಡುವೆ ಎಲ್ಲೋ ನಿಂತಂತೆ ಕೇಳಿಸಿತ್ತು. ಆದರೆ ಆ ಹಾಡಿನಲ್ಲಿ ಮಾತನಾಡುತ್ತಿರುವವನು ಯಾರು ಎಂದು ನೋಡಿ. ಹೆಣ್ಣೊಬ್ಬಳನ್ನು ಮಾತಿನಲ್ಲೇ ಒಲಿಸಿಕೊಳ್ಳಲು ಹೆಣಗುವ, ತನ್ನ ಆಡುಮಾತು ಹಳತಾಗಿದೆ ಎಂಬುದು ಗೊತ್ತಿಲ್ಲದ ಗಂಡಸು ಅವನು. ಫೇಗನ್ ಹಾಡಿದ್ದರೆ ಅವನು ಚತುರನಾಗಿ ಕಾಣುತ್ತಿದ್ದ. ಬೆಕರ್ ಅವರ ಒರಟು ಕಂಠದಲ್ಲಿ ಅವನು ಇದ್ದ ಹಾಗೆಯೇ ಎದುರಿಗೆ ನಿಲ್ಲುತ್ತಾನೆ.

ಬೆಕರ್ ಅವರ ಗಿಟಾರನ್ನೂ ಇದರ ಜೊತೆಗೇ ಇಟ್ಟು ಕೇಳಬೇಕೆಂದು ನನ್ನ ಕೋರಿಕೆ. ಎಪ್ಪತ್ತರ ದಶಕದಲ್ಲಿ ಅವರು ಸೋಲೋಗಳನ್ನು ಬಹುಪಾಲು ಬೇರೆಯವರಿಗೆ ಬಿಟ್ಟುಕೊಟ್ಟು ತಾವು ಹಿಂದೆ ಸರಿದಿದ್ದರು. 2003ರಲ್ಲಿ ಮುಂದೆ ಬಂದಿದ್ದಾರೆ. ‘ಗ್ರೀನ್ ಬುಕ್’ ಹಾಡಿನಲ್ಲಿ ಅವರು ಸ್ವರಗಳನ್ನು ಚಿಮ್ಮಿಸುವುದಿಲ್ಲ. ಒಂದು ಸಣ್ಣ ಪಲುಕನ್ನು ಅರ್ಧಕ್ಕೇ ನಿಲ್ಲಿಸಿ, ಎರಡು ತಾಳ ಸುಮ್ಮನಿದ್ದು, ಆ ಅರ್ಧದಿಂದಲೇ ಮುಂದುವರಿಯುತ್ತಾರೆ. ಮಾತು ಕಡಿಮೆ ಆಡುವ ಹಿರಿಯರು ಯೋಚಿಸಿ ಯೋಚಿಸಿ ಒಂದೊಂದು ಮಾತು ಸೇರಿಸುವ ಬಗೆ ಅದು. ‘ಏಜಾ’ದಲ್ಲಿ ಇಂಥ ಗಿಟಾರಿಗೆ ಜಾಗವೇ ಇರಲಿಲ್ಲ.

ಪ್ರಶ್ನೆ: ಈ ತಂಡವನ್ನು ಜಾಝ್-ರಾಕ್ ಎನ್ನುವುದೇ ನನಗೆ ಅರ್ಥವಾಗುವುದಿಲ್ಲ. ಕೇಳಲು ಪಾಪ್ ಹಾಡುಗಳಂತೆಯೇ ಇವೆ. ಜಾಝ್ ಇರುವುದು ಎಲ್ಲಿ?

ಉತ್ತರ: ಮೇಲ್ಮೈಯಲ್ಲಿ ಹುಡುಕಿದರೆ ಸಿಗುವುದಿಲ್ಲ, ನೆಲಗಟ್ಟಿನಲ್ಲಿದೆ. ಜಾಝ್-ರಾಕ್ ಎಂಬ ಹೆಸರಿನಡಿ ಬರುವ ಅನೇಕ ತಂಡಗಳಲ್ಲಿ ಉದ್ದನೆಯ ವಾದ್ಯವಿಸ್ತಾರವೇ ಪ್ರಧಾನ, ಹಾಡು ಬರೀ ನೆಪ. ಸ್ಟೀಲಿ ಡ್ಯಾನ್‌ನಲ್ಲಿ ಹಾಡೇ ಪ್ರಧಾನ. ಜಾಝ್ ಇರುವುದು ಹಾಡಿನ ಕೆಳಗೆ ಹಾಸಿರುವ ಕಾರ್ಡ್‌ಗಳಲ್ಲಿ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲುಗಳಲ್ಲಿ), ಒಂದು ಕಾರ್ಡ್‌ನಿಂದ ಇನ್ನೊಂದಕ್ಕೆ ಹೋಗುವ ಅನಿರೀಕ್ಷಿತ ದಾರಿಗಳಲ್ಲಿ.

ಒಂದು ಉದಾಹರಣೆಯನ್ನು ನಮಗೆ ಪರಿಚಿತವಾದ ಸ್ವರಗಳಲ್ಲೇ ಹೇಳುತ್ತೇನೆ. ಷಡ್ಜ, ಅಂತರ ಗಾಂಧಾರ, ಪಂಚಮ ಈ ಮೂರನ್ನೂ ಒಟ್ಟಿಗೆ ನುಡಿಸಿದರೆ ಪಾಶ್ಚಾತ್ಯ ಸಂಗೀತದ ಸರಳ ಮೇಜರ್ ಕಾರ್ಡ್ ಆಗುತ್ತದೆ. ಕೇಳಲು ಪ್ರಸನ್ನ, ನಿಶ್ಚಿಂತ. ಇದಕ್ಕೆ ಚತುಶ್ರುತಿ ರಿಷಭವನ್ನು ಸೇರಿಸಿ, ಅದು ಗಾಂಧಾರಕ್ಕೆ ತಾಗಿದಂತೆ ಪಕ್ಕದಲ್ಲೇ ಮೊಳಗುವ ಹಾಗೆ ಜೋಡಿಸಿದರೆ ಪ್ರಸನ್ನತೆ ಹಾಗೇ ಉಳಿದು ಅದರೊಳಗೆ ಒಂದು ಸಣ್ಣ ಉರಿ ಕಾಣಿಸಿಕೊಳ್ಳುತ್ತದೆ. ಫೇಗನ್ ಮತ್ತು ಬೆಕರ್ ಇದಕ್ಕೆ ‘ಮ್ಯೂ ಮೇಜರ್’ ಎಂದು ತಾವೇ ಹೆಸರಿಟ್ಟುಕೊಂಡಿದ್ದರು. ಹಾರ್ಮೋನಿಯಂ ಅಥವಾ ಕೀಬೋರ್ಡ್ ಕೈಗೆ ಸಿಕ್ಕರೆ ಮೊದಲು ಸ-ಗ-ಪ, ಆಮೇಲೆ ಸ-ರಿ-ಗ-ಪ ಒತ್ತಿ ನೋಡಿ, ಈ ತಂಡದ ಸದ್ದು ಅಲ್ಲೇ ಕೇಳಿಸುತ್ತದೆ.

ಜಾಝ್ ಮೇಲಿನ ಪ್ರೀತಿಯನ್ನು ಅವರು ಎಂದೂ ಮುಚ್ಚಿಟ್ಟವರಲ್ಲ. 1974ರ ‘ಪ್ರೆಟ್ಜೆಲ್ ಲಾಜಿಕ್’ ಆಲ್ಬಮಿನಲ್ಲಿ ಡ್ಯೂಕ್ ಎಲಿಂಗ್ಟನ್ ಅವರ 1920ರ ದಶಕದ ರಚನೆಯೊಂದನ್ನು ನುಡಿಸಿ, ಮುಚ್ಚಳ ಹಾಕಿದ ಟ್ರಂಪೆಟ್‌ನ ದನಿಯನ್ನು ಗಿಟಾರಿನಲ್ಲಿ ಹೊರಡಿಸಿದರು. ಫೇಗನ್ 1982ರಲ್ಲಿ ಒಬ್ಬರೇ ತಂದ ‘ದ ನೈಟ್‌ಫ್ಲೈ’ ಆಲ್ಬಮಿನ ಮುಖಪುಟದಲ್ಲಿ ಅವರು ರಾತ್ರಿ ಹೊತ್ತು ಜಾಝ್ ಹಾಕುವ ರೇಡಿಯೋ ನಿರೂಪಕನ ವೇಷದಲ್ಲೇ ಕೂತಿದ್ದಾರೆ.

ಪ್ರಶ್ನೆ: ‘ಎವ್ರಿಥಿಂಗ್ ಮಸ್ಟ್ ಗೋ’ ತಂಡದ ಕೊನೆಯ ಸ್ಟುಡಿಯೋ ಆಲ್ಬಮ್ ಆಯಿತು. ಇದೇ ಕೊನೆಯದೆಂದು ತಿಳಿದೇ ಅವರು ಹೀಗೆ ಹೆಸರಿಟ್ಟರೇ? ಆಮೇಲೆ ಅಭಿಮಾನಿಗಳ ಅಭಿಪ್ರಾಯ ಬದಲಾಯಿತೇ?

ಉತ್ತರ: ತಿಳಿದು ಇಟ್ಟ ಹೆಸರೆಂದು ಹೇಳಲು ಆಧಾರವಿಲ್ಲ. ಆಗ ಬೆಕರ್ ಅವರಿಗೆ 53, ಫೇಗನ್ ಅವರಿಗೆ 55 ವರ್ಷ. ಅಮೆರಿಕದಲ್ಲಿ ಅಂಗಡಿ ಮುಚ್ಚುವವರು ಇದ್ದ ಸರಕನ್ನೆಲ್ಲ ಸಿಕ್ಕಿದ ಬೆಲೆಗೆ ಮಾರುವಾಗ ಬಾಗಿಲ ಮೇಲೆ ಬರೆದು ಹಾಕುವ ಮಾತು ಇದು, ಎಲ್ಲವೂ ಖಾಲಿಯಾಗಲೇಬೇಕು ಎಂದು ಅರ್ಥ. ಮೊದಲ ಹಾಡಿನಲ್ಲಿ ಲೋಕವೇ ಮುಗಿಯುವ ದಿನ ಮಳಿಗೆಯೊಂದು ಗಿರಾಕಿಗಳನ್ನು ಕೊನೆಯ ಖರೀದಿಗೆ ಕರೆಯುತ್ತದೆ. ಕೊನೆಯ ಹಾಡಿನಲ್ಲಿ ಕಂಪನಿಯೊಂದು ದಿವಾಳಿಯೆದ್ದು, ಜೊತೆಗೆ ದುಡಿದವರು ಪರಸ್ಪರ ವಿದಾಯ ಹೇಳುತ್ತಾರೆ. ನಡುವೆ, ದಾಂಪತ್ಯ ಮುರಿದ ಗಂಡಸು ತಾನು ಕಳೆದುಕೊಂಡದ್ದನ್ನು ಒಂದೊಂದಾಗಿ ಎಣಿಸುವ ಹಾಡಿದೆ. ಆ ಎಣಿಕೆಯಲ್ಲಿ ನಂಬಿಕೊಳ್ಳಲು ಇದ್ದ ಜೀವವೂ ಕಾರೂ ಅಕ್ಕಪಕ್ಕದಲ್ಲೇ ಬರುತ್ತವೆ. ಎನ್ರಾನ್‌ನಂಥ ದೈತ್ಯ ಕಂಪನಿ 2001ರ ಡಿಸೆಂಬರಿನಲ್ಲಿ ದಿವಾಳಿಯಾಗಿತ್ತು. ಅದೇ ವರ್ಷದ ಸೆಪ್ಟೆಂಬರಿನ ದಾಳಿಯ ಗಾಯ ನ್ಯೂಯಾರ್ಕ್‌ನಲ್ಲಿ ಇನ್ನೂ ಹಸಿಯಾಗಿತ್ತು. ಹಾಗಾಗಿ 2003ರ ಕೇಳುಗರು ಈ ಹಾಡುಗಳಲ್ಲಿ ಒಂದು ದೇಶದ ಅವಸಾನದ ಚಿತ್ರವನ್ನು ಕಂಡರೇ ಹೊರತು ಒಂದು ತಂಡದ ವಿದಾಯವನ್ನಲ್ಲ.

ಇಬ್ಬರೂ ಆಮೇಲೆ ಸುಮ್ಮನೆ ಕೂರಲಿಲ್ಲ. ಫೇಗನ್ 2006ರಲ್ಲಿ ‘ಮಾರ್ಫ್ ದ ಕ್ಯಾಟ್’, ಬೆಕರ್ 2008ರಲ್ಲಿ ‘ಸರ್ಕಸ್ ಮನಿ’ ತಂದರು. ಒಟ್ಟಿಗೆ ಮತ್ತೆ ಮತ್ತೆ ಕಛೇರಿಗಳನ್ನು ಕೊಟ್ಟರು. 1974ರಲ್ಲಿ ವೇದಿಕೆಗೆ ಬೆನ್ನು ಹಾಕಿದ್ದವರು ಬಾಳಿನ ಉತ್ತರಾರ್ಧದಲ್ಲಿ ವೇದಿಕೆಯನ್ನೇ ಮನೆ ಮಾಡಿಕೊಂಡರು. ಕಾರ್ಲಾಕ್ ಮತ್ತು ಹೆರಿಂಗ್ಟನ್ ಆ ಪ್ರವಾಸಗಳ ಆಧಾರಸ್ತಂಭಗಳಾದರು. ಈ ಆಲ್ಬಮಿನ ಹಾಡುಗಳಲ್ಲಿ ‘ಗಾಡ್‌ವ್ಯಾಕರ್’ ವೇದಿಕೆಯಲ್ಲಿ ಉಳಿದುಕೊಂಡಿತು. ಹಳೆಯ ಹಾಡುಗಳಿಗಾಗಿ ಬಂದ ಸಭಿಕರೂ ಅದರ ಬಿಗಿಯಾದ ನಡೆಗೆ ತಲೆದೂಗುತ್ತಿದ್ದರು.

2017ರ ಸೆಪ್ಟೆಂಬರ್ 3ರಂದು ಬೆಕರ್ ತೀರಿಕೊಂಡರು. ಅವರಿಗೆ 67 ವರ್ಷ. ಕಪಾಟಿನಲ್ಲಿಟ್ಟಿದ್ದೆ ಎಂದೆನಲ್ಲ, ಆ ಸಿಡಿಯನ್ನು ನಾನು ಹೊರತೆಗೆದದ್ದು ಆ ವಾರದಲ್ಲಿ. ನನ್ನಂತೆಯೇ ಅನೇಕರು ಅದನ್ನು ಮತ್ತೆ ಕೇಳಿದರು, ಮತ್ತು ಅಭಿಪ್ರಾಯ ಬದಲಾದದ್ದೂ ನಿಜ. ಸಾವಿನಿಂದಾಗಿ ಹಾಡು ಒಳ್ಳೆಯದಾಗುತ್ತದೆಯೇ ಎಂದು ನೀವು ಕೇಳಬಹುದು. ಆಗುವುದಿಲ್ಲ. ಆದರೆ ಹೋಲಿಕೆಯ ಗೀಳು ಬಿಟ್ಟುಹೋಗುತ್ತದೆ. ಮುಂದಿನ ಆಲ್ಬಮಿನಲ್ಲಿ ಸರಿಹೋದೀತು ಎಂದು ಕಾಯುವುದಕ್ಕೆ ಮುಂದಿನದು ಇಲ್ಲ ಎಂದಾದಾಗ ಎದುರಿಗಿರುವುದನ್ನೇ ಕೇಳುತ್ತೇವೆ. ಹಾಗೆ ಕೇಳಿದಾಗ ಈ ಆಲ್ಬಮ್ ತನ್ನ ಗುಣವನ್ನು ತಾನೇ ತೋರಿಸಿಕೊಟ್ಟಿತು, ಯಾವ ರಿಯಾಯಿತಿಯನ್ನೂ ಬೇಡಲಿಲ್ಲ.

ಪ್ರಶ್ನೆ: ನಾನು ಈ ತಂಡವನ್ನು ಕೇಳಿಯೇ ಇಲ್ಲ. ಕೊನೆಯ ಆಲ್ಬಮಿನಿಂದಲೇ ಶುರು ಮಾಡಬಹುದೇ?

ಉತ್ತರ: ಬೇಡ. ‘ಪ್ರೆಟ್ಜೆಲ್ ಲಾಜಿಕ್’ ಕೇಳಿ, ಅದರ ಹಾಡುಗಳು ಚಿಕ್ಕವು, ಬೇಗ ಹತ್ತಿರವಾಗುತ್ತವೆ. ಆಮೇಲೆ ‘ಏಜಾ’ವನ್ನು ಒಂದು ವಾರ ಬೇರೇನೂ ಬೆರೆಸದೆ ಕೇಳಿ. ಅಲ್ಲಿಂದ ‘ಟೂ ಅಗೇನ್ಸ್ಟ್ ನೇಚರ್’ಗೆ ಬನ್ನಿ. ಅದರ ಕೊನೆಯ ಹಾಡು ‘ವೆಸ್ಟ್ ಆಫ್ ಹಾಲಿವುಡ್’ ಎಂಟು ನಿಮಿಷಕ್ಕೂ ಹೆಚ್ಚು ಉದ್ದವಾಗಿದ್ದು, ಹಾಡಿನ ಮಾತು ಮುಗಿದ ಮೇಲೂ ಕ್ರಿಸ್ ಪಾಟರ್ ಅವರ ಸ್ಯಾಕ್ಸೊಫೋನ್ ನಿಲ್ಲದೆ ಏರುತ್ತಾ ಏರುತ್ತಾ ಹೋಗಿ ದೂರದಲ್ಲಿ ಕರಗುತ್ತದೆ. ಅದು ಕರಗಿದ ಕೂಡಲೇ ‘ಎವ್ರಿಥಿಂಗ್ ಮಸ್ಟ್ ಗೋ’ ಆಲ್ಬಮಿನ ಶೀರ್ಷಿಕೆ ಹಾಡನ್ನು, ಅಂದರೆ ಅದರ ಒಂಬತ್ತನೆಯ ಹಾಡನ್ನು, ಹಾಕಿ. ಅದು ಶುರುವಾಗುವುದೇ ಸ್ಯಾಕ್ಸೊಫೋನ್‌ನಿಂದ. ವಾಲ್ಟ್ ವೈಸ್‌ಕಾಫ್ ತಾಳದ ಹಂಗಿಲ್ಲದೆ, ಆಲಾಪದಂತೆ, ತಡೆತಡೆದು ನುಡಿಸುತ್ತಾರೆ. ಕೆಳಗೆ ಡ್ರಮ್ಸ್ ಗುಡುಗಿನಂತೆ ಉರುಳುತ್ತದೆ. ಕಛೇರಿಯ ಮುಕ್ತಾಯದಲ್ಲಿ ಬರಬೇಕಾದ ಆರ್ಭಟವೊಂದು ಇಲ್ಲಿ ಹಾಡಿನ ಬಾಗಿಲಲ್ಲೇ ನಿಂತಿದೆ. ಅದು ಅಡಗಿದ ಮೇಲೆ ತಾಳ ನಿಧಾನವಾಗಿ ಕೂರುತ್ತದೆ, ಫೇಗನ್ ಹಾಡಲು ತೊಡಗುತ್ತಾರೆ. ಆ ಎರಡು ಸ್ಯಾಕ್ಸೊಫೋನ್‌ಗಳ ನಡುವೆ ಇರುವುದು ಮೂರೇ ವರ್ಷ.